ನಂಜಪ್ಪನ ಮೊದಲ ಆಲ್ಬಂ

ಹೋದ ಮಂಗಳವಾರ ಬೆಳಿಗ್ಗೆ ದುದ್ದದ ನಂಜಪ್ಪ ತನ್ನ ಹೆಣದ ಮುಂದೆ ತಾನೇ ಹಾಡಿದ. ತಮಾಷೆಯಲ್ಲ, ನಾನು ಅಲ್ಲೇ ಕೂತಿದ್ದೆ.

ನಂಜಪ್ಪನದು ನಾಲ್ಕು ಜನರ ಭಜನೆ ತಂಡ. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಇವರಿಗೆ ಕರೆ. ಇವರು ಹೋಗಿ ಮೊದಲು ಮನೆಯ ಹಿರಿಯರನ್ನು ಕೇಳುತ್ತಿದ್ದರು: "ಮನೇಲಿ ಏನಂತ ಕರೀತಿದ್ರಿ?" ಆಧಾರ್ ಕಾರ್ಡಿನ ಹೆಸರಲ್ಲ, ಬಾಯಿತುಂಬ ಕರೆಯುತ್ತಿದ್ದ ಹೆಸರು. ಕೊನೆಗೆ ಹಾಡುವ ಪದದಲ್ಲಿ ಆ ಹೆಸರು ಹಿಡಿದೇ ಬೀಳ್ಕೊಡುತ್ತಿದ್ದರು. ಅಲ್ಲಿಯವರೆಗೆ ಕಲ್ಲಾಗಿ ಕೂತವರೂ ಆಗ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಇಂಥ ದನಿ ಹಾಳಾಗಬಾರದು ಅಂತ ಹೋದ ವರ್ಷ ಅವರನ್ನು ಹಾಸನದ ಸ್ಟುಡಿಯೋಗೆ ಎಳೆದುಕೊಂಡು ಹೋದವನು ನಾನು. (ಊರುದ್ಧಾರದ ಗುತ್ತಿಗೆ ಹಿಡಿದವನಲ್ಲವೇ!) "ಹೆಸರು ಬೇಡ ಸಾರ್, ಎಲ್ರಿಗೂ ಯೂಸ್ ಆಗೋ ಹಾಗಿರ್ಲಿ" ಅಂದ ಸ್ಟುಡಿಯೋದವನು. ನಾನೂ ತಲೆಯಾಡಿಸಿದೆ. ಹೆಸರಿನ ಜಾಗಕ್ಕೆ ‘ಶರಣ’ ಬಂತು.

"ಶರಣ ಅಂದ್ರೆ ಯಾರ್ ಸಾ? ಅಂಗ್ ಕರುದ್ರೆ ಯಾರ್ಗೂ ಕೇಳ್ಸಾಕಿಲ್ಲ" ಅಂತ ನಂಜಪ್ಪ ಗೊಣಗಿದ. ಆಮೇಲೆ ನನ್ನ ಮುಖ ನೋಡಿ ಹಾಡಿದ.

ಆಲ್ಬಂ ಹಿಟ್. ಹೇಗೆ ಅಂತೀರಾ? ಶಾಮಿಯಾನದವರು ಕುರ್ಚಿ, ಸ್ಪೀಕರ್ ಜೊತೆ ಪೆನ್‌ಡ್ರೈವನ್ನೂ ಕಳಿಸತೊಡಗಿದರು. ಶಾಂತಿಗ್ರಾಮದಿಂದ ಕೊಣನೂರಿನವರೆಗೂ ಸಾವಿನ ಮನೆಗಳಲ್ಲಿ ನಂಜಪ್ಪನದೇ ದನಿ. ನಂಜಪ್ಪನಿಗೆ ಮಾತ್ರ ಕರೆ ನಿಂತಿತು. ಪೆನ್‌ಡ್ರೈವಿಗೆ ಕಾಫಿ ಕೊಡಬೇಕಿಲ್ಲವಲ್ಲ!

ಸೋಮವಾರ ಹಾರ್ಟ್ ಅಟ್ಯಾಕ್ ಆಗಿ ಅವನೇ ಹೋದ. ವಿಭೂತಿ ಬಳಿದು ಕೂರಿಸಿದ್ದರು. ಉಳಿದ ಮೂವರು ತಾಳ ಹಿಡಿದು ಬಂದರು. ಅವರಲ್ಲಿ ಬಸಪ್ಪ, ಪದ್ಧತಿ ಬಿಡದೆ, ನಂಜಪ್ಪನ ಅಕ್ಕ ಗೌರಮ್ಮನನ್ನು ಕೇಳಿದ: "ಏನಂತ ಕರೀತಿದ್ದೆ ಅಕ್ಕಾ?"

"ಕೂಸಪ್ಪ ಕಣ್ರಪ್ಪಾ. ನನ್ ಸ್ವಂಟದ್ ಮ್ಯಾಲೇ ಬೆಳ್ದೋನು. ಅಂಗೇ ಕರ್ದು ಕಳಿಸ್ರಪ್ಪಾ."

ಅಷ್ಟರಲ್ಲಿ ನಂಜಪ್ಪನ ಮಗ ಬಂದ. "ನೀವ್ ಹಾಡ್ಬ್ಯಾಡಿ ಮಾವ. ಅಪ್ಪನ್ ದನೀನೇ ಐತಲ್ಲ, ಅದ್ಕಿಂತ ಇನ್ನೇನ್ ಬೇಕು? ಜನ ವಿಡಿಯೋ ಮಾಡ್ತಾವ್ರೆ." ತಂದೆ ಸತ್ತವನ ಹತ್ತಿರ ಯಾರು ವಾದ ಮಾಡುತ್ತಾರೆ? ಮೂವರೂ ತಾಳ ಮಡಿಲಲ್ಲಿಟ್ಟುಕೊಂಡು, ಬಾಯಿ ಮುಚ್ಚಿ, ಸ್ಪೀಕರಿನಲ್ಲಿ ತಮ್ಮದೇ ದನಿ ಕೇಳುತ್ತ ಕೂತರು.

ಕೊನೆಯ ಪದ ಬಂತು. ಗೌರಮ್ಮ ಸೆರಗು ಸರಿಸಿ ಕಿವಿಗೊಟ್ಟಳು. ನಂಜಪ್ಪ ‘ಶರಣ’ ಅಂತ ಕರೆದ.

"ಯಾರ್‌ನ ಕರೀತಾವ್ನೆ ಇವ್ನು?" ಆಕೆ ನನ್ನ ಕಡೆ ತಿರುಗಿದಳು. "ನಮ್ ಕೂಸಪ್ಪನ್ ಹೆಸ್ರು ಯಾವಾಗ್ ಬತ್ತದೆ ಸಾ?"

"ಈಗ ಬರುತ್ತೆ ಗೌರಮ್ಮ" ಅಂದೆ. ಶುದ್ಧ ಸುಳ್ಳು. ಪೆನ್‌ಡ್ರೈವ್ ಮತ್ತೆ ಮೊದಲ ಹಾಡಿಗೆ ಹೋಯಿತು. ಹೊತ್ತಾಯಿತು ಎಂದು ಹೆಣ ಎತ್ತಿದರು. ಆಕೆ ಬಾಗಿಲ ತನಕ ಕಾಯುತ್ತಲೇ ಬಂದಳು.

ಸ್ಪೀಕರಿನ ಸ್ವಿಚ್ ನನ್ನ ಕೈಗೆ ಎಟುಕುವ ಹಾಗೇ ಇತ್ತು, ನಾನೇಕೆ ಆರಿಸಲಿಲ್ಲ?