ಕನ್ನಿಯಮ್ಮಾಳ್ ಆರಿಸಿದ ಸ್ಪೀಡ್‌ಬೋಟು

ತಮಿಳುನಾಡಿನ ಉಡುಮಲೈಯಿಂದಾಚೆ ಬೆಟ್ಟದ ಬುಡದಲ್ಲಿರುವ ಸಣ್ಣ ಅಣೆಕಟ್ಟಿನಲ್ಲಿ ಬೋಟು ಓಡಿಸುವ ಹಕ್ಕು ಊರಿನ ಹೆಂಗಸರ ಸಂಘಕ್ಕೆ ಸಿಕ್ಕಾಗ ಕನ್ನಿಯಮ್ಮಾಳ್‌ಗೆ ನಲವತ್ತೊಂದು ವರ್ಷ. ಸಂಘದಲ್ಲಿ ಹನ್ನೆರಡು ಜನ ಇದ್ದರು. ಹನ್ನೊಂದು ಮಂದಿಯದು ತಮಿಳು. ಮನೆಯೊಳಗೆ ಕನ್ನಡ ಆಡುತ್ತಿದ್ದವಳು ಇವಳೊಬ್ಬಳೇ. ಅದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ, ಬೋಟು ಕೊಳ್ಳಲು ಹೋದ ದಿನದವರೆಗೆ.

ಅವಳು ದೂರದ ಊರು ಕಂಡವಳಲ್ಲ. ಹದಿನೇಳಕ್ಕೆ ಪಲ್ಲಡಂ ಕಡೆಯ ಒಂದು ನೂಲಿನ ಮಿಲ್ಲಿಗೆ ಸೇರಿಸಿದರು. ಮೂರು ವರ್ಷ ಅಲ್ಲೇ ಹಾಸ್ಟೆಲಿನಲ್ಲಿ ವಾಸ. ಮಲಗುವ ಕೋಣೆಗೂ ಮಿಷನ್ನಿಗೂ ನಡುವೆ ಇನ್ನೂರು ಹೆಜ್ಜೆ, ಅಷ್ಟೇ. ತಿಂಗಳಿಗೊಂದು ಭಾನುವಾರ ವಾರ್ಡನ್ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಅಂಗಡಿಬೀದಿಗೆ ಕರೆದೊಯ್ಯುತ್ತಿದ್ದಳು. ಸಾಲು ತಪ್ಪಿದವಳು ಮುಂದಿನ ತಿಂಗಳು ಗೇಟು ದಾಟುವಂತಿಲ್ಲ. ಮಿಲ್ಲಿನಿಂದ ಬಂದವಳಿಗೆ ಮದುವೆಯಾಯಿತು. ಗಂಡ ಭೂಪತಿ ಟೆಂಪೊ ಓಡಿಸುತ್ತಿದ್ದ. ಕೆಟ್ಟವನಲ್ಲ, ಕೈ ಎತ್ತಿದವನಲ್ಲ. ಆದರೆ ಮನೆಯಲ್ಲಿ ನಾಲ್ಕು ಹಸು. ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಹಾಲು ಕರೆಯಬೇಕು. ಅವಳ ಕೈ ಬಿಟ್ಟು ಬೇರೆ ಕೈಗೆ ಅವು ಹಾಲು ಬಿಡುತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಅವಳು ಆ ಎರಡು ಹೊತ್ತುಗಳ ನಡುವೆಯೇ ಹೋಗಿಬಂದಳು.

ಸಂಘದ ಅಧ್ಯಕ್ಷೆ ಕಲಾ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವಳು, ಲೆಕ್ಕಾಚಾರದ ಹೆಂಗಸು. ಸರ್ಕಾರದ ಅನುದಾನದಲ್ಲಿ ಒಂದೇ ಬೋಟು ಬರುತ್ತಿತ್ತು. ಅವಳ ಮನಸ್ಸಿನಲ್ಲಿದ್ದದ್ದು ತಳ ಅಗಲದ, ಹತ್ತು ಜನ ಕೂರುವ ನಿಧಾನದ ಬೋಟು. ನೋಡಿ ಬರಲು ಅವಳೂ ಕನ್ನಿಯಮ್ಮಾಳೂ ಬಸ್ಸು ಹತ್ತಿ ಕೊಯಮತ್ತೂರಿಗೆ ಹೋದರು. ಅಂಗಡಿಯ ಪ್ರೇಮ್ ಕುಮಾರ್ ಇಬ್ಬರನ್ನೂ ಊರಾಚೆಯ ಒಂದು ದೊಡ್ಡ ಕೆರೆಗೆ ಕರೆದುಕೊಂಡು ಹೋದ. ಅಲ್ಲಿ ಎರಡು ಬೋಟು ಕಟ್ಟಿದ್ದವು. ಒಂದು ಕಲಾಳ ಮನಸ್ಸಿನಲ್ಲಿದ್ದಂಥದೇ. ಇನ್ನೊಂದು ಕೆಂಪು ಬಣ್ಣದ್ದು, ಚೂಪು ಮೂತಿಯದು, ಹಿಂದೆ ನೂರಹದಿನೈದು ಕುದುರೆಶಕ್ತಿಯ ಇಂಜಿನು.

"ಸುಮ್ಮನೆ ಒಂದು ರೌಂಡು ಹೋಗಿಬನ್ನಿ ಅಕ್ಕಾ," ಎಂದು ಪ್ರೇಮ್ ಕುಮಾರ್ ತಮಿಳಿನಲ್ಲಿ ಒತ್ತಾಯಿಸಿದ.

ಕಲಾಗೆ ನೀರೆಂದರೆ ಅಂಜಿಕೆ, ದಡದಲ್ಲೇ ನಿಂತಳು. ಕನ್ನಿಯಮ್ಮಾಳ್ ಹತ್ತಿದಳು. ಬೋಟಿನ ಮೆಕ್ಯಾನಿಕ್ ಮೆಲ್ವಿನ್ ಲಿವರನ್ನು ಮುಂದಕ್ಕೆ ತಳ್ಳಿದ. ಬೋಟಿನ ಮೂತಿ ಮೇಲೆದ್ದಿತು, ಆಮೇಲೆ ಇಳಿಯಿತು, ನೀರು ಗಟ್ಟಿ ನೆಲವಾದಂತೆ ಕೆಳಗೆ ಟಕಟಕ ಬಡಿಯತೊಡಗಿತು. ಸೆರಗು ಹಿಂದಕ್ಕೆ ಹಾರಿತು. ಕಣ್ಣಲ್ಲಿ ನೀರು ಬಂತು. ಯಾರು ಕೂಗಿ ಕರೆದರೂ ಈಗ ತನಗೆ ಕೇಳಿಸುವುದಿಲ್ಲ ಎಂದು ಅವಳಿಗೆ ಹೊಳೆಯಿತು. ನಗು ಬಂತು, ತಡೆಯದೆ ನಕ್ಕಳು.

ದಡಕ್ಕೆ ಬಂದಾಗ ಮೆಲ್ವಿನ್ ಅವಳು ತನ್ನಷ್ಟಕ್ಕೆ ಆಡಿದ ಒಂದು ಮಾತು ಹಿಡಿದುಕೊಂಡು, "ನೀವು ಕನ್ನಡದವರಾ?" ಎಂದ. ಅವನು ಉಡುಪಿ ಕಡೆಯವನು. ಕೊಯಮತ್ತೂರಿಗೆ ಬಂದು ಎರಡು ತಿಂಗಳಾಗಿತ್ತು, ತಮಿಳು ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಪ್ರೇಮ್ ಕುಮಾರ್ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕನ್ನಡ ತಿಳಿಯದೆಂಬ ಧೈರ್ಯದಿಂದ ನಿಜ ಹೇಳಿಬಿಟ್ಟ.

"ಅಕ್ಕ, ಮೊದಲನೇ ಬೋಟಿಗೆ ಇದು ಬೇಡ. ಕಲಿಯುವವರ ಕೈಗೆ ಇಷ್ಟು ಶಕ್ತಿ ಕೊಡಬಾರದು. ಇದಕ್ಕೆ ಬ್ರೇಕ್ ಇಲ್ಲ. ಸಣ್ಣ ನೀರಲ್ಲಿ ವೇಗ ಹಿಡಿಯೋದರೊಳಗೆ ದಡ ಬರುತ್ತೆ. ಬೇಸಿಗೆಯಲ್ಲಿ ನೀರು ಇಳಿದರೆ ಇಂಜಿನಿನ ಕೆಳಗೆ ತಿರುಗೋ ಫ್ಯಾನು ಕೆಸರಿಗೆ ಸಿಕ್ಕಿಕೊಳ್ಳುತ್ತೆ. ಆ ನಿಧಾನದ್ದನ್ನೇ ತಗೊಳ್ಳಿ."

"ಓಡ್ಸಿ ಓಡ್ಸಿ ಪಳಕ ಆಗ್ಬುಡ್ತದಲ್ಲಾ ತಂಬಿ?"

"ಎರಡು ವರ್ಷ ಬೇಕು. ಅಷ್ಟರಲ್ಲಿ ಯಾರಿಗಾದರೂ ಪೆಟ್ಟಾಗುತ್ತೆ."

ಕಲಾ ಹತ್ತಿರ ಬಂದು ತಮಿಳಿನಲ್ಲಿ ಕೇಳಿದಳು: "ಹುಡುಗ ಏನು ಹೇಳ್ತಾನೆ?"

ಕನ್ನಿಯಮ್ಮಾಳ್ ಕೆಂಪು ಬೋಟಿನ ಕಡೆ ತಿರುಗಿ ನೋಡಿದಳು. ಆಮೇಲೆ ತಮಿಳಿನಲ್ಲೇ ಹೇಳಿದಳು: "ಈ ಕೆಂಪು ಬೋಟೇ ಒಳ್ಳೇದಂತೆ. ಜನ ಇದಕ್ಕೇ ಮುಗಿಬೀಳ್ತಾರಂತೆ. ಓಡಿಸೋದು ಸುಲಭವಂತೆ."

ಪ್ರೇಮ್ ಕುಮಾರ್ ಹೌದು ಹೌದು ಎಂದು ತಲೆಯಾಡಿಸಿದ. ಮಾತು ತಿಳಿಯದ ಮೆಲ್ವಿನ್ ಬೋಟು ಕಟ್ಟಲು ಹೋದ.

ಕೆಂಪು ಬೋಟು ಲಾರಿಯಲ್ಲಿ ಬಂದಿಳಿಯಿತು. ಕಂಪನಿಯವರು ಹತ್ತು ದಿನ ತರಬೇತಿ ಕೊಟ್ಟರು. ಓಡಿಸಲು ಮುಂದೆ ಬಂದವಳು ಕನ್ನಿಯಮ್ಮಾಳ್ ಒಬ್ಬಳೇ. ಮೊದಲ ತಿಂಗಳು ಜನ ನಿಜಕ್ಕೂ ಮುಗಿಬಿದ್ದರು. ಆದರೆ ಅವಳಿಗೆ ಮೂರನೇ ದಿನವೇ ಗೊತ್ತಾಗಿತ್ತು. ಮೂತಿ ಇಳಿದು ಬೋಟು ಹಗುರಾಗುವ ಆ ಗಳಿಗೆಗೇ ಎದುರಿಗೆ ಅಣೆಯ ಕಲ್ಲುಗೋಡೆ ಬಂದು ನಿಲ್ಲುತ್ತಿತ್ತು. ಲಿವರ್ ಹಿಂದಕ್ಕೆಳೆದು ತಿರುಗಿಸಬೇಕು. ಈ ತುದಿಗೆ ಬಂದರೆ ಜಾಲಿಮರಗಳು, ಮತ್ತೆ ತಿರುಗಿಸಬೇಕು. ದಿನಕ್ಕೆ ನಲವತ್ತು ಸಲ, ಗೋಡೆಯಿಂದ ಜಾಲಿಗೆ, ಜಾಲಿಯಿಂದ ಗೋಡೆಗೆ. ಮನೆಗೆ ಹೋಗಿ ಹಸುವಿನ ಪಕ್ಕ ಕೂತರೂ ತೋಳು ತಾನಾಗಿ ಎಡಕ್ಕೆಳೆಯುತ್ತಿತ್ತು.

ಹೆದರಿಕೆಯೂ ಹತ್ತಿಕೊಂಡಿತು. ಬೇಡ ಎಂದವನ ಮಾತು ಅವಳೊಬ್ಬಳ ಕಿವಿಯಲ್ಲಿತ್ತು. ಯಾರಿಗೂ ಹೇಳುವ ಹಾಗಿಲ್ಲ, ಬೋಟು ಬಿಟ್ಟು ಹೋಗುವ ಹಾಗೂ ಇಲ್ಲ. ಓಡಿಸಬಲ್ಲವಳು ಬೇರೆ ಯಾರಿದ್ದರು?

ಶಾಲೆಯ ಮಕ್ಕಳು ಬಂದ ಒಂದು ಶುಕ್ರವಾರ ತಿರುವಿನಲ್ಲಿ ಬೋಟು ವಾಲಿತು. ಹಿಂದಿನ ಸೀಟಿನ ಹುಡುಗಿಯೊಬ್ಬಳು ಕಂಬಿಗೆ ಬಡಿದು ಮಣಿಕಟ್ಟು ಮುರಿದುಕೊಂಡಳು. ಆ ಮಗು ಅಳಲಿಲ್ಲ. ಕೈ ಎದೆಗವಚಿಕೊಂಡು ಕನ್ನಿಯಮ್ಮಾಳ್ ಮುಖವನ್ನೇ ನೋಡುತ್ತ ಕೂತಿತ್ತು. ಮರುವಾರ ಅಧಿಕಾರಿಗಳು ಬಂದು, ಇನ್ನು ಮೇಲೆ ಮನುಷ್ಯ ನಡೆಯುವ ವೇಗಕ್ಕಿಂತ ಹೆಚ್ಚು ಓಡಿಸಬಾರದೆಂದು ಬರೆದುಕೊಟ್ಟು ಹೋದರು. ಕೆಂಪು ಬೋಟು ತೆವಳತೊಡಗಿತು. ತೆವಳಿದರೆ ಇಂಜಿನು ಕೆಮ್ಮಿತು, ಹೊಗೆ ಕಾರಿತು, ನಡುನೀರಿನಲ್ಲಿ ನಿಂತುಹೋಯಿತು. ಜನ ಬರುವುದು ಕಡಿಮೆಯಾಯಿತು.

ರಿಪೇರಿಗೆ ಬಂದವನು ಮೆಲ್ವಿನ್. ಅಷ್ಟರಲ್ಲಿ ವರ್ಷವಾಗಿತ್ತು, ತಮಿಳು ಸಲೀಸಾಗಿ ಬರುತ್ತಿತ್ತು. ಹಸು ಕರೆದು ಕನ್ನಿಯಮ್ಮಾಳ್ ದಡಕ್ಕೆ ಬರುವ ಹೊತ್ತಿಗೆ ಅವನೂ ಕಲಾಳೂ ಟೀ ಕುಡಿಯುತ್ತ ಮಾತಾಡುತ್ತಿದ್ದರು. ಕಲಾಳ ಮುಖ ನೋಡಿದ ಕೂಡಲೇ ಅವಳ ಕಾಲು ನಿಂತಿತು.

"ಬೇಡ ಅಂತ ಅವತ್ತೇ ಹೇಳಿದ್ದನಂತೆ ಈ ಹುಡುಗ," ಎಂದಳು ಕಲಾ. ದನಿ ಏರಿಸಲಿಲ್ಲ. "ಯಾರಿಗಾದರೂ ಪೆಟ್ಟಾಗುತ್ತೆ ಅಂತಲೂ ಹೇಳಿದ್ದನಂತೆ. ಹೌದಾ?"

"ಹೌದು."

"ಅವರು ಏನಾದರೂ ಕೊಡ್ತೀವಿ ಅಂದಿದ್ದರಾ ನಿನಗೆ?"

"ಇಲ್ಲಕ್ಕಾ. ದೇವರಾಣೆ ಇಲ್ಲ."

"ಮತ್ತೆ ಯಾಕೆ?"

ಕನ್ನಿಯಮ್ಮಾಳ್‌ಗೆ ಉತ್ತರ ಗೊತ್ತಿತ್ತು. ಹೇಳಲು ಹೋದರೆ ಅದು ಎಷ್ಟು ಸಣ್ಣದಾಗಿ ಕೇಳಿಸುತ್ತದೆಂಬುದೂ ಗೊತ್ತಿತ್ತು. "ಅವತ್ತು ಅದರಲ್ಲಿ ಹೋದಾಗ ಹಿಂದಿರುಗಿ ಬರೋದೇ ಬೇಡ ಅನ್ನಿಸಿತು," ಎಂದಳು.

ಕಲಾ ಟೀ ಲೋಟವನ್ನು ಕೆಳಗಿಟ್ಟಳು. "ಆ ಹುಡುಗಿಯ ಕೈ ಮುರಿದದ್ದಕ್ಕೆ ನಾನು ಹೋಗಿ ಅವಳಮ್ಮನ ಕಾಲು ಹಿಡಿದೆ, ಕನ್ನಿ. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ."

ಮರುದಿನ ಸಂಘದ ಹೆಂಗಸರೆಲ್ಲ ಕೂಡಿದಾಗ ಕನ್ನಿಯಮ್ಮಾಳ್ ಎದ್ದು ನಿಂತು ನಡೆದದ್ದನ್ನು ನಡೆದಂತೆ ಹೇಳಿದಳು. ತಾನೇ ಸಂಘ ಬಿಡುತ್ತೇನೆ ಎಂದಳು. ಕೆಲವರು ಬಿಡಲಿ ಎಂದರು. ಕಲಾ ಒಪ್ಪಲಿಲ್ಲ. "ಬಿಟ್ಟು ಹೋಗೋದು ಸುಲಭ. ತಂದವಳು ಅವಳು, ಇದು ತೊಲಗೋವರೆಗೆ ಅವಳೇ ಕಾಯಲಿ."

ತೊಲಗಲು ಎಂಟು ತಿಂಗಳು ಹಿಡಿಯಿತು. ಕೊಳ್ಳುವವರು ಬಂದು ಬಂದು ನೋಡಿ ಹೋದರು. ಬೇಸಿಗೆಯಲ್ಲಿ ಅಣೆಕಟ್ಟಿನ ನೀರನ್ನು ಕಾಲುವೆಗೆ ಬಿಟ್ಟರು. ಬೋಟು ಕೆಸರಿನಲ್ಲಿ ಒಂದು ಮಗ್ಗುಲಾಗಿ ಒರಗಿತು. ಎರಡು ಹಾಲಿನ ಹೊತ್ತುಗಳ ನಡುವೆ ಕನ್ನಿಯಮ್ಮಾಳ್ ದಿನವೂ ಬಂದು ಅದರಲ್ಲಿ ಬಿದ್ದ ಎಲೆ ಬಳಿದಳು, ಟಾರ್ಪಾಲು ಬಿಗಿದಳು, ಓರೆಯಾದ ಸೀಟಿನಲ್ಲಿ ಕಾಲೂರಿ ಕೂತು ಒಣಗಿದ ಅಣೆಕಟ್ಟಿನ ಅಂಗಳ ನೋಡಿದಳು. ಉಳಿದವರು ದೂರದಿಂದಲೇ ಮಾತಾಡಿಸಿ ಹೋಗುತ್ತಿದ್ದರು. ಭೂಪತಿ ಒಮ್ಮೆ ಬಂದು, "ಸಾಕು ಬಾಮ್ಮ, ಎಲ್ಲಾರ್ಗೂ ತಪ್ಪಾಗ್ತದೆ," ಎಂದ. ಅವಳು ಎದ್ದು ಹೋಗಲಿಲ್ಲ.

ಮಳೆಗಾಲದಲ್ಲಿ ನೀರು ತುಂಬಿತು. ಆಲಪ್ಪುಳದ ಒಬ್ಬ ಪ್ರವಾಸಿ ದೋಣಿಯವನು ಕೊಳ್ಳಲು ಒಪ್ಪಿ, ಬದಲಿಗೆ ಪೆಡಲು ತುಳಿಯುವ ಹಳೆಯ ಬೋಟುಗಳನ್ನು ಕೊಟ್ಟ. ಕೆಂಪು ಬೋಟನ್ನು ಲಾರಿಗೆ ಏರಿಸುವ ಮುನ್ನ ಒಮ್ಮೆ ಓಡಿಸಿ ತೋರಿಸಬೇಕೆಂದ. ಕಲಾ ಕೀಲಿಯನ್ನು ಕನ್ನಿಯಮ್ಮಾಳ್ ಕೈಗೆ ಕೊಡದೆ, ಅದಕ್ಕೆಂದೇ ಕರೆಸಿದ್ದ ಮೆಲ್ವಿನ್ ಕೈಗೆ ಕೊಟ್ಟಳು. ಕನ್ನಿಯಮ್ಮಾಳ್ ದಡದಲ್ಲಿ ನಿಂತು ನೋಡಿದಳು. ದಡದಿಂದ ನೋಡಿದರೆ ಅದು ಅಷ್ಟೇನೂ ವೇಗವಾಗಿ ಕಾಣಲಿಲ್ಲ.

ಈಗ ಅವಳ ಕೆಲಸ ಬಂದವರಿಗೆ ಲೈಫ್ ಜಾಕೆಟ್ ಕಟ್ಟುವುದು. ಪಟ್ಟಿಯನ್ನು ಎರಡೆರಡು ಸಲ ಎಳೆದು ನೋಡುತ್ತಾಳೆ. ಮಕ್ಕಳಿಗಾದರೆ ಮೂರು ಸಲ. ಮೂರೂವರೆಗೆ ಬೋಟುಗಳನ್ನೆಲ್ಲ ದಡಕ್ಕೆ ತರಬೇಕು. ಕೊನೆಯದನ್ನು ಅವಳೇ ತುಳಿದು ತರುತ್ತಾಳೆ. ಹೋದ ವಾರ ನಡುನೀರಿಗೆ ಬಂದಾಗ ಮೊಣಕಾಲು ನೋಯಿತೆಂದು ಕಾಲು ತೆಗೆದು ಕೂತಳು. ಬೋಟು ತಾನಾಗಿ ಅರ್ಧ ಸುತ್ತು ತಿರುಗಿ ನಿಂತಿತು. ದಡದಿಂದ ಕಲಾ, "ಹಾಲಿನ ಹೊತ್ತಾಯ್ತು ಕನ್ನೀ," ಎಂದು ಕೂಗಿದಳು. ಸ್ಪಷ್ಟವಾಗಿ ಕೇಳಿಸಿತು. ಇನ್ನೊಂದು ಗಳಿಗೆ ಹಾಗೇ ಕೂತಿದ್ದು, ಆಮೇಲೆ ತುಳಿದಳು.