ಬಾಗಿಲ ಹೊರಗೆ ನಿಲ್ಲುವವರು

ನನಗೆ ಡಿಗ್ರಿ ಆಗುವುದಿಲ್ಲ ಎಂದವರು ನಮ್ಮೂರ ದೊಡ್ಡಮನೆಯ ಬಚ್ಚಪ್ಪನವರು. ಸಿಟ್ಟಿನಿಂದ ಅಂದದ್ದಲ್ಲ. ಮೋಡ ನೋಡಿ ಮಳೆಯ ಮಾತು ಹೇಳುವವರ ಹಾಗೆ ನನ್ನ ಕಾಲು ನೋಡಿ ಹೇಳಿದ್ದರು: "ಓದ್ಬೇಡ ಅನ್ನಲ್ಲ ಕಣಮ್ಮಿ, ಓದು. ಆದ್ರೆ ಮುಗಿಯಲ್ಲ. ನಿಮ್ಮನೆ ಕಾಲಿಗೆ ಗೊತ್ತಿರೋದು ಒಂದೇ ದಾರಿ."

ಇವತ್ತು ಬೆಳಿಗ್ಗೆ ರಾಯಕೋಟೆಯಲ್ಲಿ ಬಸ್ಸಿಳಿದು, ಸರ್ಟಿಫಿಕೇಟಿನ ಕವರನ್ನು ಎದೆಗವಚಿಕೊಂಡು ಬಿರಬಿರನೆ ಬರುತ್ತಿದ್ದೆ. ನಮ್ಮೂರಿಗೆ ತಿರುಗುವ ಕಡೆ ಹೂ ಕಟ್ಟುತ್ತ ಕೂತಿದ್ದ ಯಲ್ಲಮ್ಮಕ್ಕ ನನ್ನನ್ನು ಕಂಡದ್ದೇ ತಡ, ಅವಳ ಕೈ ನಿಂತುಬಿಟ್ಟಿತು. "ಯಾರಮ್ಮ?" ಎಂದಳು, ದನಿಯೇ ಇಲ್ಲದೆ.

ನನ್ನ ಗುರುತು ಸಿಗದೆ ಕೇಳಿದ್ದಲ್ಲ. ಸತ್ತವರು ಯಾರು ಎಂದು ಕೇಳಿದ್ದು.

"ಯಾರೂ ಇಲ್ಲಕ್ಕ. ಡಿಗ್ರಿ ಆಯ್ತಲ್ಲ, ಸರ್ಟಿಫಿಕೇಟು ತಂದೆ."

"ಅಯ್ ನಿನ್ನ! ಹಂಗ್ ಬತ್ತಾರೇನೆ? ನನ್ ಜೀವ ಹೋಗಿ ಬಂತು ನೋಡು!" ಎಂದು ಬೈದಳು. ಬೈದ ಮೇಲೇ ನಿಂತಿದ್ದ ಕೈ ಮತ್ತೆ ಹೂ ಕಟ್ಟತೊಡಗಿತು.

ನಿಮಗೆ ಇದು ವಿಚಿತ್ರ ಅನಿಸಬಹುದು. ನಮ್ಮದು ಸಾವು ಹೇಳುವ ಮನೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಹೊರಗಿನ ಊರುಗಳಲ್ಲಿರುವ ನೆಂಟರಿಗೆ ಹೋಗಿ ತಿಳಿಸುವುದು ನಮ್ಮ ತಾತನ ಕಾಲದಿಂದಲೂ ನಮ್ಮ ಕೆಲಸ. ಅಪ್ಪ ಬಾಗಿಲಿಂದ ನಾಕು ಮಾರು ದೂರ ನಿಂತು, ಮುಖ ಪಕ್ಕಕ್ಕೆ ತಿರುಗಿಸಿ ಹೇಳುತ್ತಿದ್ದ. ಯಾವ ಮನೆಗೆ ಕನ್ನಡ, ಯಾವ ಮನೆಗೆ ತೆಲುಗು, ಯಾವ ಮನೆಗೆ ತಮಿಳು ಎಂಬುದು ಅವನಿಗೆ ಗೊತ್ತಿತ್ತು. ಹೇಳಿದ ಮೇಲೆ ನಿಲ್ಲುವಂತಿಲ್ಲ, ಕೂರುವಂತಿಲ್ಲ, ನೀರು ಮುಟ್ಟುವಂತಿಲ್ಲ. "ಬತ್ತೀನಿ" ಅನ್ನುವಂತೆಯೂ ಇಲ್ಲ. ಅವನು ಮತ್ತೆ ಬರುವುದು ಯಾರಿಗೆ ಬೇಕು?

ಚಿಕ್ಕವಳಿದ್ದಾಗ ಒಮ್ಮೆ ಹಟ ಮಾಡಿ ಅವನ ಸೈಕಲ್ಲೇರಿ ಹೋಗಿದ್ದೆ. ನಾವು ಆ ಊರ ಬೀದಿಗೆ ಕಾಲಿಟ್ಟ ಕೂಡಲೇ ಒರಳು ರುಬ್ಬುವ ಸದ್ದು ನಿಂತಿತು. ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡರು. ನಾವು ದಾಟಿ ಹೋದ ಒಂದೊಂದು ಮನೆಯಿಂದಲೂ ಹಿಡಿದಿಟ್ಟ ಉಸಿರು ಬಿಡುವುದು ಕೇಳುತ್ತಿತ್ತು. ಅಪ್ಪ ಸೈಕಲ್ಲು ತಳ್ಳುತ್ತ ನಡೆದೇ ನಡೆದ. ಅವನಿಗೆ ಹೆಸರಿತ್ತು, ಎಲ್ಲರ ಹಾಗೆ ನಗು ಇತ್ತು, ಹಲ್ಲುನೋವು ಇತ್ತು. ಆ ಬೀದಿಗೆ ಅದೊಂದೂ ಕಾಣುತ್ತಿರಲಿಲ್ಲ.

ಆ ಕೆಲಸಕ್ಕೆ ಅಪ್ಪನನ್ನು ಯಾರೂ ನೇಮಿಸಿದ್ದಲ್ಲ. ತಾತನಿಗೆ ಜ್ವರ ಬಂದ ದಿನ ಒಂದೇ ಒಂದು ಮನೆಗೆ ಹೋಗಿ ಹೇಳಿದನಂತೆ, ಅಷ್ಟೆ. ಬಾಯಿಬಿಟ್ಟು ಒಂದು ಸಲ ಹೇಳಿದವನನ್ನು ಊರು ಬಿಡುವುದಿಲ್ಲ. ಆಮೇಲೆ ಅವನು ಎಲ್ಲಿಗೇ ಹೋಗಲಿ, ಅವನಿಗಿಂತ ಮುಂದೆ ಆ ಕೆಲಸ ಹೋಗಿ ನಿಂತಿರುತ್ತದೆ.

ಫೋನು ಬಂದ ಮೇಲೆ ಇದೆಲ್ಲ ನಿಂತಿರಬೇಕಲ್ಲ ಎಂದು ನೀವು ಕೇಳಬಹುದು. ಮುಕ್ಕಾಲು ಪಾಲು ನಿಂತಿತು. ಆದರೂ ಕೆಲವು ಮುದುಕರಿಗೆ ಫೋನಿನಲ್ಲಿ ಬಂದ ಸಾವು ಸಾವೇ ಅಲ್ಲ. ಬಾಗಿಲಿಗೆ ಬಂದು ಒಬ್ಬರು ಹೇಳುವ ತನಕ ಸತ್ತವರು ಎಲ್ಲೋ ಇದ್ದೇ ಇರುತ್ತಾರೆ. ಬಚ್ಚಪ್ಪನವರ ಅಕ್ಕ ಮುನಿತಾಯಮ್ಮ ಅಂಥವರು. ತಳಿ ಎಂಬ ಊರಿನಿಂದಾಚೆ ಒಂದು ಹಳ್ಳಿಯಲ್ಲಿದ್ದರು.

ನನ್ನ ಬಿ.ಎ. ಕೊನೆಯ ಪೇಪರಿನ ದಿನವೇ ಬಚ್ಚಪ್ಪನವರು ತೀರಿಕೊಂಡರು. ಪರೀಕ್ಷೆ ಹೊಸೂರಿನಲ್ಲಿ, ಮಧ್ಯಾಹ್ನ. ಬೆಳಕು ಹರಿಯುವಾಗ ಅವರ ಮಗ ವೆಂಕಟೇಶಣ್ಣ ನಮ್ಮ ಅಂಗಳಕ್ಕೆ ಬಂದ. ಸಕ್ಕರೆ ಕಾಯಿಲೆಯಿಂದ ಅಪ್ಪನ ಪಾದ ಹುಣ್ಣಾಗಿತ್ತು, ಬಟ್ಟೆ ಸುತ್ತಿಕೊಂಡು ಮಲಗಿದ್ದ. ನೆಲಕ್ಕೆ ಕಾಲೂರುವಂತಿರಲಿಲ್ಲ.

"ಎಲ್ರಿಗೂ ಫೋನ್ ಮಾಡಿದೀನಿ. ನಮ್ಮತ್ತೆ ಒಬ್ರು ನಂಬಲ್ಲ. ನಿಮ್ಮನೆಯಿಂದ ಯಾರಾನಾ ಹೋಗ್ಲೇಬೇಕು," ಎಂದು ವೆಂಕಟೇಶಣ್ಣ ನನ್ನ ಕಡೆ ನೋಡಿದ.

"ಅವ್ಳಿಗೆ ಪರೀಕ್ಷೆ ಐತೆ. ಅವ್ಳನ್ನ ಬುಟ್ಬುಡಿ," ಎಂದು ಅಪ್ಪ ಎದ್ದು ಕೂತ, ಎದ್ದ ರಭಸಕ್ಕೆ ನರಳಿದ. ಅಪ್ಪನ ಕಾಯಿಲೆಗೆ ಕೃಷ್ಣಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವನು ಇದೇ ವೆಂಕಟೇಶಣ್ಣ. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಟೆ.

ಬಸ್ಸಿನಲ್ಲಿ ಚರಿತ್ರೆ ಬಾಯಿಪಾಠ ಮಾಡಲು ಕೂತರೆ, ಪುಸ್ತಕದಲ್ಲಿ ಸತ್ತ ರಾಜರೆಲ್ಲ ಬಚ್ಚಪ್ಪನವರ ಮುಖ ಹೊತ್ತು ಬರುತ್ತಿದ್ದರು. ಪರೀಕ್ಷೆ ತಪ್ಪಿದರೆ ಅರಿಯರ್ ಬೀಳುತ್ತದೆ, ಬೀಳಲಿ, ಇನ್ನೊಮ್ಮೆ ಬರೆಯಬಹುದು. ನನಗೆ ಹೆದರಿಕೆ ಇದ್ದದ್ದು ಬಾಯಿಂದ ಹೊರಬೀಳಬೇಕಾದ ಆ ಒಂದು ಮಾತಿಗೆ. ಅದನ್ನು ಇನ್ನೊಮ್ಮೆ ಒಳಗೆ ತೆಗೆದುಕೊಳ್ಳುವ ಪರೀಕ್ಷೆ ಎಲ್ಲಿದೆ?

ತಳಿ ದಾಟಿ ಇಳಿದಾಗ ಮಂಜು ಎದೆಮಟ್ಟ ನಿಂತಿತ್ತು. ಕೋಸಿನ ತೋಟ, ಗುಲಾಬಿ ತೋಟ ಒಂದೂ ಕಾಣುತ್ತಿರಲಿಲ್ಲ, ಹಸಿ ವಾಸನೆ ಮಾತ್ರ. ಆ ಊರಿಗೆ ನಾನು ಎಂದೂ ಹೋದವಳಲ್ಲ, ನನ್ನನ್ನು ಅಲ್ಲಿ ಯಾರೂ ಕಂಡವರಲ್ಲ. ಆದರೂ ಬೀದಿಗೆ ಕಾಲಿಟ್ಟಾಗ ಎಲ್ಲೋ ಒಂದು ಬಾಗಿಲು ಮೆಲ್ಲಗೆ ಮುಚ್ಚಿತು. ಆಮೇಲೆ ಇನ್ನೊಂದು. ಚೂಡಿದಾರ ಹಾಕಿ ಕಾಲೇಜು ಚೀಲ ಹೊತ್ತವಳಲ್ಲಿ ಅವರಿಗೆ ಏನು ಕಂಡಿತೋ ನನಗೆ ಇವತ್ತಿಗೂ ತಿಳಿಯದು.

ಮುನಿತಾಯಮ್ಮ ಬಾಗಿಲಲ್ಲೇ ಕೂತಿದ್ದರು. ಆಗಲೇ ತಲೆಗೂದಲು ಬಿಚ್ಚಿಕೊಂಡಿದ್ದರು. ಅತ್ತು ಮುಗಿಸಿದ ಮುಖ. ಪಕ್ಕದ ಜಗಲಿಯ ಮೇಲೆ ಒಂದು ಲೋಟ, ಅದರಲ್ಲಿ ಅರ್ಧ ನೀರು.

ನಾನು ದೂರ ನಿಂತು ಮುಖ ತಿರುಗಿಸಿಕೊಂಡೆ. ಮಾತು ನಾಲಿಗೆಯವರೆಗೆ ಬಂದಿತ್ತು.

"ನೀನ್ಯಾಕೆ ಬಂದೆ ತಾಯಿ?" ಎಂದರು, ನಾನು ನಿಂತ ರೀತಿಯಲ್ಲೇ ಯಾರ ಮಗಳೆಂದು ತಿಳಿದವರ ಹಾಗೆ. "ನಿಮ್ಮಪ್ಪ ಆಗ್ಲೇ ಹೇಳ್ಬುಟ್ಟು ಹೋದ್ನಲ್ಲ."

ತಿರುಗಿಸಿದ್ದ ಮುಖ ತಾನಾಗಿ ಅವರ ಕಡೆ ಹೊರಳಿತು. "ಅಪ್ಪ... ಇಲ್ಲಿಗೆ ಬಂದಿತ್ತಾ?"

"ಈಗ್ತಾನೆ. ಕಾಲೆಳ್ಕೊಂಡು ಬಂದಿದ್ದ ಪಾಪ. ಕೂರಪ್ಪ ಅಂತ ಜಗ್ಲಿ ಮೇಲೆ ಕೂರ್ಸಿದೆ. ನೀರು ಕುಡ್ದ. ಬಚ್ಚ ಹೋದ ಅಂತ ಹೇಳ್ದ."

ಅವರ ಹಿಂದೆ ನಿಂತಿದ್ದ ಸೊಸೆ ನನ್ನತ್ತ ನೋಡಿ ಇಲ್ಲವೆಂದು ತಲೆಯಾಡಿಸಿದಳು. "ಯಾರೂ ಬಂದಿಲ್ಲಮ್ಮ. ನಸುಕಿನಿಂದ ಒಬ್ರೇ ಕೂತವ್ರೆ. ನಮಗೆ ಫೋನ್ ಬಂದಿದ್ದು ಇವ್ರಿಗೆ ಹೇಳೇ ಇಲ್ಲ."

ನಾನು ಲೋಟ ನೋಡಿದೆ. ಸೊಸೆಯೂ ನೋಡಿದಳು. ಇಬ್ಬರೂ ಮುಟ್ಟಲಿಲ್ಲ.

"ನಿಂಗೇನೂ ಕೆಲ್ಸ ಇಲ್ವಾ?" ಎಂದರು ಮುದುಕಿ.

"ಪರೀಕ್ಷೆ ಐತೆ ಅಜ್ಜಿ. ಹೊಸೂರಲ್ಲಿ."

"ಹಂಗಾದ್ರೆ ಹೋಗು, ನಿಂತ್ಕಂಡೇನ್ ನೋಡ್ತೀಯ? ಹೇಳೋದು ಹೇಳಾಯ್ತಲ್ಲ."

ಹೋದೆ. ಓಡಿದೆ ಅನ್ನುವುದೇ ಸರಿ. ಹೊಸೂರು ಬಸ್ಸು ಸಿಕ್ಕಿತು, ಪರೀಕ್ಷೆ ಬರೆದೆ. ಏನು ಬರೆದೆನೋ, ಪಾಸಂತೂ ಆಯಿತು. ಆ ಮಾತು ಮಾತ್ರ ನನ್ನ ಬಾಯಿಂದ ಬೀಳಲಿಲ್ಲ, ಎಂದೂ ಬಿದ್ದಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಬೆಳಿಗ್ಗೆ ಮಲಗಿದ್ದಲ್ಲೇ ಇದ್ದ. ಅತ್ತಿತ್ತ ಹೊರಳಿಲ್ಲ ಎಂದಳು ಅಮ್ಮ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ: "ಕೂರ್ಸಿದ್ರಂತಾ ನನ್ನ?"

"ಹೂಂ. ಜಗ್ಲಿ ಮೇಲೆ. ನೀರೂ ಕೊಟ್ರಂತೆ."

ಅಪ್ಪ ನಕ್ಕುಬಿಟ್ಟ. "ಹಂಗಾದ್ರೆ ನಾನಲ್ಲ ಬುಡು."

ಮುದುಕಿಯ ಮನಸ್ಸೇ ಅಪ್ಪನನ್ನು ಕರೆದು ಕೂರಿಸಿತೋ, ಇಷ್ಟು ವರ್ಷ ಆ ದಾರಿಯಲ್ಲಿ ನಡೆದ ಕೆಲಸವೇ ಅವನನ್ನು ಬಿಟ್ಟು ಒಂಟಿಯಾಗಿ ನಡೆದು ಹೋಯಿತೋ, ನನಗೆ ಗೊತ್ತಿಲ್ಲ. ಬಿ.ಎ. ಓದಿದವಳು ಮೊದಲನೆಯದನ್ನೇ ನಂಬಬೇಕು. ಹಗಲು ಹೊತ್ತು ನಂಬುತ್ತೇನೆ. ಮನುಷ್ಯನನ್ನು ಊರು ಏನು ಮಾಡಿ ಇಟ್ಟಿರುತ್ತದೋ ಅದಕ್ಕೂ ಕಾಲಿರುತ್ತದೆ ಎಂದು ಮಾತ್ರ ಆ ದಿನದಿಂದ ನನಗೆ ಅನಿಸುತ್ತ ಬಂದಿದೆ.

ಇವತ್ತು ಮನೆ ಸೇರಿದಾಗ ಅಪ್ಪ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದ. ಹುಣ್ಣು ಮಾಗಿದೆ, ಕೋಲೂರಿಕೊಂಡು ಓಡಾಡುತ್ತಾನೆ. ಕವರು ಬಿಚ್ಚಿ ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ. ಕೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡ. ಓದಲು ಬಾರದು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದ, ತೋರಿಸಿದೆ. ಅದರ ಮೇಲೆ ಬೆರಳಿಟ್ಟ. ಮುಖ ಯಾವ ಕಡೆಗೂ ತಿರುಗಿಸದೆ, ನೇರ ನನ್ನನ್ನೇ ನೋಡಿದ. ಆಮೇಲೆ ಕೋಲು ಹಿಡಿದು ಎದ್ದ.

"ಯಾರ್ಯಾರಿಗೆ ಹೇಳ್ಬೇಕು, ಹೇಳಮ್ಮ," ಎಂದ. "ಹೋಗಿ, ಕೂತ್ಕಂಡು ಹೇಳ್ಬತ್ತೀನಿ."