ಮನೆಗೆ ಮನೆ, ಸಾಮಾನು ಬೇರೆ

ಹುಮನಾಬಾದಿನ ನೋಂದಣಿ ಕಚೇರಿಯ ಎದುರು ದಸ್ತಾವೇಜು ಬರೆಯುವ ಮಾಣಿಕಪ್ಪನ ಹತ್ತಿರ ಮನೆಗೆ ಮನೆ ಅದಲುಬದಲು ಮಾಡಿಕೊಳ್ಳುವವರು ಬಂದರೆ ಅರ್ಧ ದಿನ ಅಲ್ಲೇ ಕಳೆಯಬೇಕು. "ಮನಿಗೆ ಮನಿ ಒಂದು ಕಾಗದ, ಒಳಗಿನ ಸಾಮಾನಿಗೆ ಬ್ಯಾರೆ ಕಾಗದ. ಬೆರೆಸಿದ್ರ ತೆರಿಗಿಯವ್ರು ಬಿಡೂದಿಲ್ರಿ" ಎಂದು ಕನ್ನಡಕ ಏರಿಸುತ್ತಾನೆ. ತೊಟ್ಟಿಲ ಕೊಂಡಿ ತೊಲೆಗೆ ಸೇರಿದ್ದು, ತೊಟ್ಟಿಲು ಮಾತ್ರ ನಿಮ್ಮದು ಎಂದು ವಾದ ಹೂಡುತ್ತಾನೆ. ಕೋಳಿಗೂಡಿಗೂ ಒಂದು ಸಾಲು ಬರೆಯುತ್ತಾನೆ. ಮನೆಯೊಡತಿ ಬಾರದೆ ಪೆನ್ನು ಮುಟ್ಟುವುದಿಲ್ಲ. "ಯವ್ವಾ, ಈ ಮನ್ಯಾಗ ನಿಮ್ಮ ತವರುಮನಿದು ಏನೇನದ, ಹೇಳ್ರಿ" ಎಂದು ಕೇಳುವಾಗ ಮಾತ್ರ ಅವನ ದನಿ ತಗ್ಗುತ್ತದೆ. ಅರವತ್ತೆಂಟನೆಯ ಇಸವಿಯಲ್ಲಿ ಬಸವಕಲ್ಯಾಣದ ತನ್ನ ಮನೆ ಕೊಟ್ಟು ಇಲ್ಲಿಯ ಮನೆ ಪಡೆದಾಗ, ಅವಸರದಲ್ಲಿ 'ಸಾಮಾನು ಸಹಿತ' ಎಂದು ತಾನೇ ಬರೆದಿದ್ದ. ಹೆಂಡತಿ ಸರುಬಾಯಿಯನ್ನು ಒಂದು ಮಾತು ಕೇಳಿರಲಿಲ್ಲ. ಬಚ್ಚಲ ಒಲೆಗೆ ಕೂಡಿಸಿದ್ದ ಅವಳ ತವರಿನ ತಾಮ್ರದ ಹಂಡೆ ಅಲ್ಲೇ ಉಳಿಯಿತು. ಕೈಮುಗಿದು ಮರಳಿ ಕೇಳಲು ಹೋದರೆ, ಆ ಮನೆಯವರು ಆಗಲೇ ಅದನ್ನು ಮುರಿಸಿ ಕೊಡ ಮಾಡಿಸಿದ್ದರು. ಸರುಬಾಯಿ ಜಗಳವಾಡಲಿಲ್ಲ. ಮರುದಿನ ಬೆಳಿಗ್ಗೆ ತಗಡಿನ ಡಬ್ಬಿಯಲ್ಲಿ ನೀರು ಕಾಯಿಸಿ, "ನೀರು ಕಾದಾವ್ರಿ, ಏಳ್ರಿ" ಎಂದಳು. ಮಾಣಿಕಪ್ಪನಿಗೆ ಎಚ್ಚರವಿತ್ತು, ಆದರೆ ಹೊದ್ದ ಮುಸುಕು ತೆಗೆದು ಅವಳ ಮುಖ ನೋಡುವ ಧೈರ್ಯವಿರಲಿಲ್ಲ.